ಮಣ್ಣು, ಮಂಡಿಗೆ, ಮೆಟ್ಟು, ಮೇಳ

ಬೆಳಗಾವಿ ಸೀಮೆಯ ಇತಿಹಾಸವೆಂದೊಡನೆ ನಮ್ಮ ಮನಸ್ಸು ಹಲಸಿಯ ಕದಂಬರ ಕಡೆಗೆ, ವೇಣುಗ್ರಾಮದ ರಟ್ಟರ ಕಡೆಗೆ, ಕಿತ್ತೂರಿನ ಕೋಟೆಯ ಕಡೆಗೆ, 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಕಡೆಗೆ ಹರಿಯುತ್ತದೆ. ಅದು ಸಹಜವೇ. ತರಗತಿಯಲ್ಲಿ ನಾನು ನಿಮಗೆ ಕಲಿಸಿದ್ದೂ ಬಹುಮಟ್ಟಿಗೆ ಅದನ್ನೇ. ಆದರೆ ಆ ಅರಸರು ನೀರು ಕುಡಿದ ಗಡಿಗೆಯನ್ನು ಮಾಡಿದವರು ಯಾರು, ಅವರ ಸೈನಿಕರು ಮೆಟ್ಟಿದ ಚಪ್ಪಲಿಗಳನ್ನು ಹೊಲಿದವರು ಯಾರು, ಅವರ ಕಥೆಗಳನ್ನು ರಾತ್ರಿಯಿಡೀ ಹಾಡಿ ಕಾಯ್ದಿಟ್ಟವರು ಯಾರು ಎಂಬ ಪ್ರಶ್ನೆಗಳಿಗೆ ಪಠ್ಯಪುಸ್ತಕಗಳಲ್ಲಿ ಸ್ಥಳ ದೊರೆತದ್ದು ಅಲ್ಪ.

ಸದಾಶಿವನಗರದ ನಮ್ಮ ಮನೆಗೆ ಬರುವ ಹಳೆಯ ವಿದ್ಯಾರ್ಥಿಗಳು ಊರು ಬಿಡುವ ಮುನ್ನ ತಪ್ಪದೆ ಕುಂದಾ ಡಬ್ಬಿಯನ್ನು ಕೊಂಡೊಯ್ಯುತ್ತಾರೆ. ಅವರಲ್ಲೊಬ್ಬರು ಕೇಳಿದರು: "ಸರ, ನಮ್ಮ ಸೀಮಿದು ಅಂತ ಮಂದಿಗೆ ತೋರಸಾಕ ಕುಂದಾ ಬಿಟ್ಟ ಮತ್ತೇನೈತ್ರಿ?" ಪ್ರಶ್ನೆ ಚಿಕ್ಕದು; ಉತ್ತರ ದೊಡ್ಡದು. ಮಣ್ಣು, ಮಂಡಿಗೆ, ಮೆಟ್ಟು, ಮೇಳ ಎಂಬ ನಾಲ್ಕು ಶಬ್ದಗಳ ಸುತ್ತ ಆ ಉತ್ತರವನ್ನು ಕಟ್ಟುವ ಪ್ರಯತ್ನವೇ ಈ ಲೇಖನ.

ಮಣ್ಣು

ಖಾನಾಪುರ ತಾಲೂಕು ಸಹ್ಯಾದ್ರಿಯ ಮಡಿಲಲ್ಲಿದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ತಾಲೂಕನ್ನು ಹಾಯ್ದು ಬಯಲುಸೀಮೆಗೆ ಇಳಿಯುತ್ತಾಳೆ. ಇಲ್ಲಿಯ ಜೇಡಿಮಣ್ಣು ಗಡಿಗೆಗೂ ಹಂಚಿಗೂ ಇಟ್ಟಿಗೆಗೂ ಒಗ್ಗುವಂಥದು. ಈ ಗುಣವನ್ನು ಮನಗಂಡೇ ಸ್ವಾತಂತ್ರ್ಯಾನಂತರ ಗ್ರಾಮೀಣ ಕುಂಬಾರಿಕೆಯ ಕೇಂದ್ರ ತರಬೇತಿ ಸಂಸ್ಥೆಯನ್ನು ಖಾನಾಪುರದಲ್ಲಿ ಸ್ಥಾಪಿಸಲಾಯಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಆಶ್ರಯದ ಈ ಸಂಸ್ಥೆಗೆ ಹೊರ ರಾಜ್ಯಗಳ ಕುಂಬಾರರೂ ಬಂದು ಕಲಿತು ಹೋಗಿದ್ದಾರೆ.

ಕುಂಬಾರನ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ತಿಗರಿ ತಿರುಗಿಸುವುದು ಅದರ ಒಂದು ಭಾಗ ಮಾತ್ರವೆಂದು ತಿಳಿದಿರುತ್ತದೆ. ಮಣ್ಣನ್ನು ತಂದು, ಒಣಗಿಸಿ, ಕುಟ್ಟಿ, ಸೋಸಿ, ನೆನೆಯಿಟ್ಟು, ತುಳಿದು ಹದಗೊಳಿಸಬೇಕು. ತಿಗರಿಯಿಂದ ಇಳಿದ ಹಸಿ ಗಡಿಗೆಯ ಒಳಗೆ ಗುಂಡುಕಲ್ಲನ್ನು ಹಿಡಿದು, ಹೊರಗಿನಿಂದ ಹಲಗೆಯಿಂದ ಬಡಿದು, ಗೋಡೆಯನ್ನು ತೆಳುವಾಗಿಸಿ ಹೊಟ್ಟೆಯನ್ನು ಉಬ್ಬಿಸಬೇಕು. ಆಮೇಲೆ ನೆರಳಿನಲ್ಲಿ ಆರಿಸಿ ಆವಿಗೆಯಲ್ಲಿ ಸುಡಬೇಕು. ಆವಿಗೆ ಕೆಟ್ಟರೆ ಅಷ್ಟೂ ದಿನಗಳ ದುಡಿಮೆ ಬೂದಿಯ ಪಾಲು. ಮಣ್ಣು ಹದಮಾಡುವುದರಿಂದ ಹಿಡಿದು ಬಣ್ಣ ಬಳಿಯುವವರೆಗೆ ಮನೆಯ ಹೆಣ್ಣುಮಕ್ಕಳ ಪಾಲು ದೊಡ್ಡದು. ಆದರೆ ಕಸುಬಿನ ಹೆಸರು ಮಾತ್ರ ಗಂಡಸಿನದು.

ಕುಂಬಾರನಿಲ್ಲದೆ ನಮ್ಮ ಸೀಮೆಯಲ್ಲಿ ಮಳೆಗಾಲವೇ ನಡೆಯುತ್ತಿರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಉತ್ತರ ಕರ್ನಾಟಕದಲ್ಲಿ ಐದು ಮಣ್ಣಿನ ಪೂಜೆಗಳಿವೆ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೇ ಜೋಕುಮಾರ. ಬಿತ್ತನೆಯಿಂದ ತೆನೆ ಕಾಣುವವರೆಗಿನ ಕಾಲವನ್ನು ರೈತನು ಮಣ್ಣಿನ ಮೂರ್ತಿಗಳಿಂದಲೇ ಅಳೆಯುತ್ತಿದ್ದನು.

ಇವರಲ್ಲಿ ಜೋಕುಮಾರನದು ವಿಶಿಷ್ಟ ಕಥೆ. ಅಷ್ಟಮಿಯಂದು ಹುಟ್ಟಿ, ಏಳು ದಿನ ಬಾಳಿ, ಹುಣ್ಣಿಮೆಯಂದು ಸಾಯುವ ದೇವರು ಇವನು. ಮೂರ್ತಿಯನ್ನು ಮಾಡುವವನು ಕುಂಬಾರ. ಅವನನ್ನು ಕೂಡಿಸುವ ಬಿದಿರಿನ ಬುಟ್ಟಿಯನ್ನು ಹೆಣೆಯುವವನು ಮೇದಾರ. ಬೇವಿನ ಸೊಪ್ಪಿನ ನಡುವೆ ಅವನನ್ನಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹಾಡುತ್ತ ಬರುವವರು ಅಂಬಿಗರ ಹೆಣ್ಣುಮಕ್ಕಳು. ಬಾಯಿಗೆ ಬೆಣ್ಣೆ ಸವರಿ ಮೊರದಲ್ಲಿ ಜೋಳ ನೀಡುವವಳು ರೈತನ ಮನೆಯೊಡತಿ. ಗಣಪ್ಪನು ಉಂಡುಟ್ಟು ಹೋಗಿ ಭೂಲೋಕದಲ್ಲಿ ಎಲ್ಲವೂ ಕ್ಷೇಮವೆಂದು ತಂದೆತಾಯಿಗೆ ಹೇಳುತ್ತಾನಂತೆ. ಜೋಕುಮಾರನೋ ಬಡವರ ಕಷ್ಟವನ್ನು, ಒಣಗುವ ಬೆಳೆಯನ್ನು ಕಂಡು ಶಿವನಿಗೆ ವರದಿ ಒಪ್ಪಿಸಿ ಮಳೆ ತರಿಸುತ್ತಾನಂತೆ. ಒಂದು ಹಿಡಿ ಮಣ್ಣಿನ ಮೂರ್ತಿಯ ಸುತ್ತ ನಾಲ್ಕು ಕಸುಬುಗಳು, ಒಂದು ಹಾಡಿನ ಪರಂಪರೆ ಮತ್ತು ಒಂದು ಊರಿನ ಅಳಲು ಕೂಡಿಕೊಂಡಿರುವುದನ್ನು ಇಲ್ಲಿ ಗಮನಿಸಬೇಕು.

ಇದೇ ಮಣ್ಣು ಮಕ್ಕಳ ಕೈಗೆ ಆಟಿಕೆಯೂ ಆಯಿತು. ಗೋಕಾಕದ ಕುಶಲಕರ್ಮಿಗಳು ಹಗುರವಾದ ಮರದಿಂದಲೂ ಮಣ್ಣಿನಿಂದಲೂ ಮಾಡುತ್ತಿದ್ದ ಬಣ್ಣದ ಗೊಂಬೆಗಳು, ಹಣ್ಣುಹಂಪಲುಗಳು ಬ್ರಿಟಿಷರ ಕಾಲದಲ್ಲಿಯೇ ಹೆಸರಾಗಿದ್ದವು. ಮುಂಬಯಿ ಸರಕಾರದ ಹಳೆಯ ಗ್ಯಾಝೆಟಿಯರಿನಲ್ಲಿ ಗೋಕಾಕದ ಆಟಿಗೆಗಳ ಉಲ್ಲೇಖವಿದೆ. ಮಾವು, ಬಾಳೆ, ಸೀತಾಫಲಗಳನ್ನು ಕಂಡವರು ನಿಜವಾದ ಹಣ್ಣೆಂದೇ ಕೈ ಚಾಚುತ್ತಿದ್ದರು. ಪ್ಲಾಸ್ಟಿಕ್ ಹಣ್ಣುಗಳು ಸಂತೆಗೆ ಬಂದ ಮೇಲೆ ಈ ಕಲೆಯನ್ನು ಹಿಡಿದಿರುವ ಮನೆಗಳು ಕೆಲವೇ ಕೆಲವು. ಚೀನಾ ದೇಶದ ವೂಷಿ ನಗರದ ಹುಯಿಶಾನ್ ಬೆಟ್ಟದಡಿಯ ಕಪ್ಪು ಮಣ್ಣಿನಿಂದ ಇಂಥವೇ ಬಣ್ಣದ ಗೊಂಬೆಗಳನ್ನು ಮಾಡುತ್ತಾರೆ. ಅಲ್ಲಿಯ ಸರಕಾರ 2006ರಲ್ಲಿ ಆ ಕಲೆಯನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಆಟಿಕೆಯನ್ನೂ ಪರಂಪರೆಯೆಂದು ಎಣಿಸುವ ಆ ದೃಷ್ಟಿ ನಮಗೂ ಬರಬೇಕಾಗಿದೆ.

ಮಂಡಿಗೆ

ಮಣ್ಣಿನ ಗಡಿಗೆಯಿಂದ ಮಂಡಿಗೆಗೆ ಬಹಳ ದೂರವಿಲ್ಲ. ಮಂಡಿಗೆ ಹುಟ್ಟಿದ್ದೇ ಬೋರಲು ಹಾಕಿದ ಗಡಿಗೆಯ ಬೆನ್ನ ಮೇಲೆ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿ ಮಂಡಕವೆಂಬ ಭಕ್ಷ್ಯದ ವರ್ಣನೆಯಿದೆ. ಗೋದಿಯ ಹಿಟ್ಟನ್ನು ನಾದಿ, ಕೈಯಿಂದ ಅಗಲಗೊಳಿಸಿ, ಕಾದ ಮಣ್ಣಿನ ಪಾತ್ರೆಯ ಮೇಲೆ ಬೇಯಿಸುವ ಕ್ರಮ ಅದು. ಮುಂದೆ 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ 'ಸೂಪಶಾಸ್ತ್ರ'ದ ಹಿಟ್ಟಿನ ಅಡುಗೆಗಳ ಅಧ್ಯಾಯದಲ್ಲಿಯೂ ಮಂಡಿಗೆಗೆ ಸ್ಥಾನವುಂಟು. ಹೀಗೆ ಬೆಳಗಾವಿಯ ಮದುವೆಯ ಎಲೆಯ ಮೇಲೆ ಬಂದು ಕುಳಿತುಕೊಳ್ಳುವ ಈ ತಿಂಡಿಯ ಹಿಂದೆ ಒಂಬತ್ತು ಶತಮಾನಗಳ ಲಿಖಿತ ಇತಿಹಾಸವಿದೆ.

ಮಂಡಿಗೆಯನ್ನು ಮಾಡುವುದು ಎಲ್ಲರಿಗೂ ಸಾಧಿಸುವ ವಿದ್ಯೆಯಲ್ಲ. ಕಣಕವನ್ನು ಗಂಟೆಗಟ್ಟಲೆ ನಾದಿ ಮಿದುವಾಗಿಸಬೇಕು. ಸಕ್ಕರೆಪುಡಿ, ತುಪ್ಪ, ಏಲಕ್ಕಿ, ಗಸಗಸೆ ಸೇರಿದ ಹೂರಣ ನುಣುಪಾಗಿರಬೇಕು. ಒಂದು ಹರಳು ಉಳಿದರೂ ಹಾಳೆ ಹರಿಯುತ್ತದೆ. ಲಟ್ಟಿಸಿದ ಮೇಲೆ ಕೈಗಳ ಮೇಲೆ ಆಡಿಸುತ್ತ ಕರವಸ್ತ್ರದಷ್ಟು ತೆಳ್ಳಗೆ ಹಿಗ್ಗಿಸಿ, ಒಂದೇ ಸಲಕ್ಕೆ ಬೋರಲು ಪಾತ್ರೆಯ ಮೇಲೆ ಹಾಸಬೇಕು. ಬೆಂದ ಕೂಡಲೆ, ಬಿಸಿ ಇರುವಾಗಲೇ, ಚೌಕವಾಗಿ ಮಡಿಚಬೇಕು. ಅರೆಕ್ಷಣ ತಡವಾದರೆ ಅದು ಗರಿಗರಿಯಾಗಿ ಮುರಿಯುತ್ತದೆ. ಈಗ ಮಣ್ಣಿನ ಗಡಿಗೆಯ ಜಾಗಕ್ಕೆ ಹೆಚ್ಚಾಗಿ ಕಬ್ಬಿಣದ ಬಾಣಲೆ ಬಂದಿದೆ. ಕೈಗಳ ವಿದ್ಯೆ ಮಾತ್ರ ಅದೇ.

ಮಂಡಿಗೆಗೂ ಕುಂಬಾರನಿಗೂ ಇರುವ ನಂಟನ್ನು ಹೇಳುವ ಕಥೆಯೊಂದು ಗಡಿಯಾಚೆಯ ಮರಾಠಿ ಭಕ್ತರಲ್ಲಿ ಪ್ರಚಲಿತವಾಗಿದೆ. ಆಳಂದಿಯಲ್ಲಿ ಬಹಿಷ್ಕಾರಕ್ಕೆ ಒಳಗಾಗಿದ್ದ ಜ್ಞಾನೇಶ್ವರ ಮತ್ತು ಅವನ ಒಡಹುಟ್ಟಿದವರಿಗೆ ಮಂಡಿಗೆ ತಿನ್ನುವ ಆಸೆಯಾಯಿತಂತೆ. ತಂಗಿ ಮುಕ್ತಾಬಾಯಿ ಗಡಿಗೆ ತರಲು ಕುಂಬಾರರ ಕೇರಿಗೆ ಹೋದಳು. ಆದರೆ ಇವರನ್ನು ದ್ವೇಷಿಸುತ್ತಿದ್ದ ವಿಸೋಬಾ ಎಂಬವನು ಯಾರೂ ಗಡಿಗೆ ಕೊಡಕೂಡದೆಂದು ಕುಂಬಾರರಿಗೆ ತಾಕೀತು ಮಾಡಿದ್ದನು. ಅಳುತ್ತ ಬಂದ ತಂಗಿಗಾಗಿ ಜ್ಞಾನೇಶ್ವರನು ಯೋಗಬಲದಿಂದ ತನ್ನ ಬೆನ್ನನ್ನೇ ಕಾಯಿಸಿದನು. ಅವಳು ಅದರ ಮೇಲೆ ಮಂಡಿಗೆ ಬೇಯಿಸಿದಳು. ಇದನ್ನು ಕಂಡ ವಿಸೋಬಾ ಶರಣಾಗಿ, ಮುಂದೆ ನಾಮದೇವನ ಗುರುವಾದನು. ಪವಾಡವನ್ನು ನಂಬುವುದೂ ಬಿಡುವುದೂ ಅವರವರ ಇಷ್ಟ. ಬಹಿಷ್ಕಾರವೆಂದರೆ ಗಡಿಗೆಯೊಂದನ್ನು ನಿರಾಕರಿಸುವುದೆಂದು ಅಂದಿನ ಜನ ತಿಳಿದಿದ್ದರು ಎಂಬುದು ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದ ಸಂಗತಿ.

'ಮನಸ್ಸಿನಲ್ಲಿ ಮಂಡಿಗೆ ತಿಂದಂತೆ' ಎಂಬ ಗಾದೆ ನಮ್ಮಲ್ಲಿದೆ. ಅದೇ ಅರ್ಥದ, ಅದೇ ತಿಂಡಿಯ ನುಡಿಗಟ್ಟು ಮರಾಠಿಯಲ್ಲಿಯೂ ಇದೆ. ಗಡಿಯ ಬಗ್ಗೆ ಎಷ್ಟೋ ಜಗಳವಾಡಿದ ಎರಡು ಭಾಷೆಗಳು ಮನಸ್ಸಿನಲ್ಲಿ ತಿನ್ನುತ್ತಿರುವುದು ಒಂದೇ ಮಂಡಿಗೆಯನ್ನು!

ಉಳಿದ ಸಿಹಿಗಳ ಮಾತು ನಿಮಗೆ ಗೊತ್ತೇ ಇದೆ. ಹಾಲನ್ನು ಬತ್ತಿಸಿ ಕಂದು ಬಣ್ಣಕ್ಕೆ ತರುವ ಕುಂದಾ ಬೆಳಗಾವಿಯದು. ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿಗಳೊಡನೆ ಕಟ್ಟುವ ಕರದಂಟು ಗೋಕಾಕದ್ದು. 'ಕರಿದ ಅಂಟು' ಎಂಬ ಎರಡು ಮಾತು ಕೂಡಿ ಆ ಹೆಸರಾಯಿತು. ಮೂಲತಃ ಅದು ಬಾಣಂತಿಗೂ ಪೈಲವಾನನಿಗೂ ಬಲ ಕೊಡಲು ಮನೆಯಲ್ಲಿ ಮಾಡುತ್ತಿದ್ದ ತಿನಿಸು. ಡಬ್ಬಿಯಲ್ಲಿ ಕೆಡದೆ ಉಳಿಯುವ ಗುಣದಿಂದ ಅದು ಅಂಗಡಿಗೆ ಬಂದಿತು, ಬಸ್ಸು ಹತ್ತಿತು, ಈಗ ವಿಮಾನವನ್ನೂ ಹತ್ತಿದೆ.

ಮೆಟ್ಟು

'ಕೊಲ್ಹಾಪುರಿ ಚಪ್ಪಲಿ' ಎಂದು ಜಗತ್ತು ಕರೆಯುವ ಪಾದರಕ್ಷೆಯ ಬಹುಪಾಲು ನಮ್ಮ ಜಿಲ್ಲೆಯ ಅಥಣಿ, ನಿಪ್ಪಾಣಿ ಭಾಗಗಳಲ್ಲಿಯೂ ತಯಾರಾಗುತ್ತದೆಂಬುದು ಬೆಳಗಾವಿಯವರಿಗೇ ಎಷ್ಟೋ ಜನರಿಗೆ ತಿಳಿಯದು. ಹೆಸರು ಮಾರುವ ಪೇಟೆಯದು. ದುಡಿಮೆ ಹೊಲಿಯುವ ಊರಿನದು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಅದನ್ನು ಎರಡು ರಾಜ್ಯಗಳಿಗೆ ಜಂಟಿಯಾಗಿ ನೀಡಲಾಯಿತು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಆಡಳಿತದ ಗಡಿ ಎಳೆದದ್ದನ್ನು ಕಸುಬು ಅಳಿಸಿದ ಅಪರೂಪದ ಪ್ರಸಂಗವಿದು.

ಇದರ ಹದಗಾರಿಕೆ ಸಂಪೂರ್ಣ ಗಿಡಮರಗಳನ್ನು ಅವಲಂಬಿಸಿದ್ದು. ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರು ನೀರಿನಲ್ಲಿ ಚರ್ಮವನ್ನು ನೆನೆಸುತ್ತಾರೆ. ಹಳೆಯ ಕ್ರಮದಲ್ಲಿ ಚರ್ಮವನ್ನೇ ಚೀಲದಂತೆ ಹೊಲಿದು, ಒಳಗೆ ಒಗರು ತುಂಬಿ ತೂಗುಹಾಕುತ್ತಾರೆ. ಮೊಳೆಯಿಲ್ಲ, ಅಟ್ಟೆಗಳನ್ನು ಕೂಡಿಸುವುದು ಚರ್ಮದ ದಾರದಿಂದಲೇ. ಚರ್ಮ ಕತ್ತರಿಸುವ ಕೆಲಸ ಗಂಡಸರದಾದರೆ, ಜಡೆ ಹೆಣೆಯುವ, ಹೊಲಿಯುವ, ಅಲಂಕರಿಸುವ ನವುರಾದ ಕೆಲಸದಲ್ಲಿ ಹೆಣ್ಣುಮಕ್ಕಳ ಕೈ ಹೆಚ್ಚು.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಸಂಸ್ಥೆಯ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಗಳು ಕಾಣಿಸಿಕೊಂಡವು. ಮೂಲದ ಹೆಸರು ಹೇಳದಿದ್ದುದಕ್ಕೆ ನಮ್ಮ ದೇಶದಲ್ಲಿ ಗದ್ದಲವೆದ್ದ ಮೇಲೆ, ಅವು ಭಾರತೀಯ ಕರಕುಶಲ ಪಾದರಕ್ಷೆಗಳಿಂದ ಸ್ಫೂರ್ತಿ ಪಡೆದವೆಂದು ಆ ಸಂಸ್ಥೆ ಒಪ್ಪಿಕೊಂಡಿತು. ನಮ್ಮ ಆಕ್ರೋಶ ನ್ಯಾಯವಾದದ್ದೇ. ಆದರೆ ಮಿಲಾನಿನವರು ಹೆಸರು ಮರೆತದ್ದು ಒಂದು ಋತುವಿನ ಮಟ್ಟಿಗೆ. ನಾವು ಮರೆತದ್ದು ಶತಮಾನಗಳ ಮಟ್ಟಿಗೆ. 12ನೆಯ ಶತಮಾನದ ಶರಣ ಹರಳಯ್ಯನು ಹೆಂಡತಿಯೊಡನೆ ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿದ ಕಥೆಯನ್ನು ಕೇಳಿ ಕಣ್ಣೀರು ಹಾಕುವ ನಮ್ಮ ಊರುಗಳು, ಹರಳಯ್ಯನ ಕಸುಬಿನವರ ಮನೆಗಳನ್ನು ಊರ ಹೊರಗೇ ಇಟ್ಟವು.

ಮೇಳ

ಮೆಟ್ಟು ಮಾಡುವವರಂತೆಯೇ ಹಾಡುವವರನ್ನೂ ಪುಸ್ತಕದ ಇತಿಹಾಸ ಬಹುಕಾಲ ದೂರವಿಟ್ಟಿತ್ತು. ಆದರೆ ನಮ್ಮ ಸೀಮೆಯ ನೆನಪುಗಳನ್ನು ಕಾಯ್ದದ್ದು ಮೇಳಗಳೇ. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಬಳಿಕ ಸರಕಾರದ ಕಾಗದಗಳಲ್ಲಿ ಅವನು ಬಂಡಾಯಗಾರನಾಗಿಯೇ ಉಳಿದನು. ಲಾವಣಿಕಾರರ ಬಾಯಲ್ಲಿ ಮಾತ್ರ ಅವನು ವೀರನಾದನು. ಮುಂಬಯಿ ಪ್ರಾಂತದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜಾನ್ ಫೇತ್‌ಫುಲ್ ಫ್ಲೀಟನು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1885ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದನು. ಅವುಗಳಲ್ಲಿ ರಾಯಣ್ಣನ ದಂಗೆಯ ಲಾವಣಿಯೂ, ಹಲಗಲಿಯ ಬೇಡರ ಲಾವಣಿಯೂ ಸೇರಿವೆ. ಆಳುವವರು ಗಲ್ಲಿಗೇರಿಸಿದವನ ಹಾಡನ್ನು ಆಳುವವರ ಅಧಿಕಾರಿಯೇ ಅಚ್ಚು ಹಾಕಿಸಬೇಕಾಯಿತೆಂದರೆ ಆ ಹಾಡಿನ ಬಲ ಎಷ್ಟಿದ್ದಿರಬೇಕು! ನಂದಗಡದ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಮಕ್ಕಳ ಭಾಗ್ಯ ಬೇಡಿ ತೊಟ್ಟಿಲು ಕಟ್ಟುವ ರೂಢಿ ಇಂದಿಗೂ ನಡೆದಿದೆ.

ನಾಟಕದಲ್ಲಿ ನಮ್ಮ ಸೀಮೆಯ ಕಿರೀಟವೆಂದರೆ 'ಶ್ರೀಕೃಷ್ಣ ಪಾರಿಜಾತ'. ಅಪರಾಳ ತಮ್ಮಣ್ಣನು ರಚಿಸಿದ ಕೃತಿಯನ್ನು ಕುಲಗೋಡ ತಮ್ಮಣ್ಣನು ರಂಗಕ್ಕೆ ಒಗ್ಗಿಸಿ ಮೇಳ ಕಟ್ಟಿದನು. ಕುಲಗೋಡ ಆಗ ಗೋಕಾಕ ತಾಲೂಕಿನ ಊರು. ನಾರದನು ತಂದ ಒಂದು ಪಾರಿಜಾತದ ಹೂವು, ಅದು ರುಕ್ಮಿಣಿಯ ಮುಡಿಗೇರಿದ್ದಕ್ಕೆ ಸತ್ಯಭಾಮೆಯ ಕೋಪ. ಕಥೆ ಇಷ್ಟೇ. ಆದರೆ ಭಾಗವತನೂ ದೂತಿಯೂ ಸೇರಿ ಆಡುಮಾತಿನಲ್ಲಿ ಹೊಸೆಯುವ ಸಂವಾದ ರಾತ್ರಿಯಿಡೀ ಜನರನ್ನು ಕೂಡಿಸುತ್ತಿತ್ತು. ಕೃಷ್ಣನ ಮನೆಯ ಜಗಳ ತಮ್ಮ ಓಣಿಯ ಜಗಳದಂತೆಯೇ ಇರುವುದನ್ನು ಕಂಡು ಅವರು ನಗುತ್ತಿದ್ದರು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು, ಹೆಣ್ಣು ರಂಗವೇರುವುದೇ ಅಪವಾದವಾಗಿದ್ದ ಕಾಲದಲ್ಲಿ, ಈ ಆಟದಿಂದ ಮನೆಮಾತಾದರು.

ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದನ್ನು ಆಧರಿಸಿದ 'ಸಂಗ್ಯಾ ಬಾಳ್ಯಾ' ಸಣ್ಣಾಟವು ಬೈಲವಾಡದ ಪತ್ತಾರ ಮಾಸ್ತರರ ರಚನೆ. ಪುರಾಣವನ್ನು ಬಿಟ್ಟು ಊರಿನ ಸುದ್ದಿಯನ್ನೇ ದುರಂತ ನಾಟಕವಾಗಿಸಿದ ಧೈರ್ಯ ಅದರದು. ನಮ್ಮ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಅದಕ್ಕೆ ಆಧುನಿಕ ರಂಗರೂಪ ಕೊಟ್ಟರು. ಮರಾಠಿ ಸಂಗೀತ ನಾಟಕದ ಜನಕರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು 1843ರಲ್ಲಿ, ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರು 1880ರಲ್ಲಿ 'ಶಾಕುಂತಲ'ವನ್ನು ರಂಗಕ್ಕೆ ತರುವ ಮೊದಲೇ ಅವರ ಕಿವಿಯ ಸುತ್ತ ಕನ್ನಡದ ಹಾಡುಗಾರಿಕೆ ತುಂಬಿದ್ದಿತು.

ಯಾವುದು ಉಳಿಯಿತು, ಏಕೆ?

ಇಷ್ಟನ್ನೂ ಒಟ್ಟಿಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಂಡಿಗೆ ಉಳಿದಿದೆ, ಬೀಗರಿಗೆ ಮಂಡಿಗೆ ಬಡಿಸದಿದ್ದರೆ ಮಾನ ಹೋಗುತ್ತದೆಂಬ ಭಾವನೆ ಬೆಳಗಾವಿಯ ಮನೆತನಗಳಲ್ಲಿ ಉಳಿದಿರುವುದರಿಂದ. ಕರದಂಟು ಉಳಿದಿದೆ, ಊರಿಗೆ ಹೋದವರು ಏನಾದರೂ ತರಲೇಬೇಕೆಂಬ ರೂಢಿ ಉಳಿದಿರುವುದರಿಂದ. ಹುದಲಿಯ ಖಾದಿ ಬೆಳೆದದ್ದು ಗಂಗಾಧರರಾವ್ ದೇಶಪಾಂಡೆಯವರು ಅದನ್ನು ಚಳವಳಿಯಾಗಿಸಿದ್ದರಿಂದ; 1937ರಲ್ಲಿ ಗಾಂಧೀಜಿ ಅಲ್ಲಿ ಬಂದು ತಂಗಿದರು. ಗೋಕಾಕದ ಗೊಂಬೆ ಸೊರಗಿತು. ಅದರ ಕೆಲಸವನ್ನು ಪ್ಲಾಸ್ಟಿಕ್ ಕಸಿದುಕೊಂಡಿದ್ದರಿಂದ. ಪಾರಿಜಾತದ ಮೇಳಗಳು ಕಡಿಮೆಯಾದವು. ರಾತ್ರಿಯಿಡೀ ಕೂಡ್ರುವ ಊರು ಟಿವಿಯ ಮುಂದೆ ಒಬ್ಬೊಬ್ಬರಾಗಿ ಕುಳಿತಿದ್ದರಿಂದ. ಕಲೆಯನ್ನು ಕಾಯುವುದು ನೆರೆಯವರ ಅಗತ್ಯ. ಪ್ರಶಸ್ತಿ, ಪ್ರದರ್ಶನಗಳು ಅದರ ಹಿಂದೆ ಬರುವಂಥವು.

ಹಿಂದೆ ಆ ಅಗತ್ಯವನ್ನು ವ್ಯವಸ್ಥೆಗೊಳಿಸಿದ್ದು ಆಯದ ಪದ್ಧತಿ. ಸುಗ್ಗಿಯ ಕಣದಲ್ಲಿ ಕುಂಬಾರ, ಬಡಿಗ, ಕಮ್ಮಾರ, ಚಮ್ಮಾರ ಮೊದಲಾದ ಆಯಗಾರರಿಗೆ ರೈತನು ಕಾಳು ಅಳೆದು ಕೊಡುತ್ತಿದ್ದನು. ಮರಾಠಿಯವರು ಇದನ್ನೇ ಬಲುತೆ ಎಂದರು. ವರ್ಷದ ಅನ್ನ ನಿಶ್ಚಿತವಾಗಿದ್ದರಿಂದ ಕಸುಬು ನಿಂತಿತು. ಆದರೆ ಅದೇ ಪದ್ಧತಿ ಕುಂಬಾರನ ಮಗ ಕುಂಬಾರನೇ, ಚಮ್ಮಾರನ ಮಗ ಚಮ್ಮಾರನೇ ಆಗಬೇಕೆಂದು ಕಟ್ಟಿಹಾಕಿತು. ಆದ್ದರಿಂದ 'ಹಳೆಯ ಕಾಲ ಎಷ್ಟು ಚೆನ್ನಾಗಿತ್ತು' ಎಂಬ ಮಾತನ್ನು ನಾನು ಒಪ್ಪಲಾರೆ. ಆ ಕಾಲ ಯಾರಿಗೆ ಚೆನ್ನಾಗಿತ್ತು ಎಂದು ಮೊದಲು ಕೇಳಬೇಕು.

ಕುಂಬಾರ ಮನೆತನದಿಂದ ಬಂದು ಇಂಜಿನಿಯರ್ ಆಗಿರುವ ನನ್ನ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. "ಸರ, ಅಪ್ಪ ನನಗ ತಿಗರಿ ಮುಟ್ಟಗೊಡಲಿಲ್ರಿ. ಸಾಲಿ ಕಲಿ ಅಂದ. ಒಂದ ಗಡಿಗಿಗೆ ನಾಕ ದಿನದ ದುಡಿತ, ಸಂತ್ಯಾಗ ಅದನ್ನ ಬಡದ ನೋಡಿ ಅರ್ಧಾ ರೇಟಿಗೆ ಕೇಳತಿದ್ರು. ಈಗ ತಿಗರಿ ಅಟ್ಟದ ಮ್ಯಾಲ ಐತ್ರಿ." ಆ ತಂದೆ ಮಾಡಿದ್ದು ಸರಿ. ಮಗನು ಸ್ವತಂತ್ರನಾದನು. ಆದರೆ ಅಟ್ಟವೇರಿದ ತಿಗರಿಯೊಡನೆ ಹಲವು ತಲೆಮಾರುಗಳ ಕೈಯ ಜ್ಞಾನವೂ ಅಟ್ಟವೇರಿತು. ಮಗನ ಸ್ವಾತಂತ್ರ್ಯಕ್ಕೆ ಆ ಜ್ಞಾನವನ್ನು ಬೆಲೆಯಾಗಿ ತೆರಬೇಕಾಗಿ ಬಂದದ್ದು ಊರು ಅದಕ್ಕೆ ತಕ್ಕ ಹಣವನ್ನೂ ಗೌರವವನ್ನೂ ಕೊಡದಿದ್ದುದರಿಂದ.

ಖಾನಾಪುರದ ತರಬೇತಿಯಂಥ ವ್ಯವಸ್ಥೆಗಳ ಮಹತ್ವ ಇರುವುದು ಇಲ್ಲಿಯೇ. ಜಾತಿಯಿಂದ ಬಂದ ಕಸುಬು ಕಲಿಕೆಯಿಂದ ಬರುವ ವಿದ್ಯೆಯಾದಾಗ, ಇಷ್ಟವಿದ್ದವರು ಅದನ್ನು ಹಿಡಿಯಬಹುದು, ಬೇಡವಾದವರು ಬಿಡಬಹುದು. ಹರಿಹರನು 'ಕುಂಬಾರ ಗುಂಡಯ್ಯನ ರಗಳೆ'ಯಲ್ಲಿ, ಗುಂಡಯ್ಯನು ಗಡಿಗೆ ಬಡಿಯುವ ಸದ್ದಿಗೆ ಶಿವನೇ ಕುಣಿದನೆಂದು ಹೇಳುತ್ತಾನೆ. ಶಿವನು ಆ ಗಡಿಗೆಯ ಬೆಲೆಯನ್ನು ಅರ್ಧಕ್ಕೆ ಇಳಿಸಿದನೆಂದು ಎಲ್ಲಿಯೂ ಹೇಳಿಲ್ಲ.

ದೂರದ ಊರುಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದೇ ವಿನಂತಿ. ಮುಂದಿನ ಸಲ ಊರಿಗೆ ಬಂದಾಗ ಕುಂದಾದ ಜೊತೆಗೆ ಒಂದು ಮಣ್ಣಿನ ಹೂಜಿ, ಒಂದು ಜೊತೆ ಅಥಣಿಯ ಮೆಟ್ಟು, ಎರಡು ಗೋಕಾಕದ ಗೊಂಬೆಗಳನ್ನು ಕೊಳ್ಳಿರಿ. ಹೇಳಿದ ಬೆಲೆಯನ್ನು ಕೊಡಿರಿ; ಮಾಡಿದವರ ಹೆಸರನ್ನು ಕೇಳಿ ತಿಳಿದುಕೊಂಡು ಮಕ್ಕಳಿಗೆ ಹೇಳಿರಿ. ನಿಮ್ಮ ಓಣಿಯಲ್ಲಿ ಜೋಕುಮಾರನನ್ನು ಹೊತ್ತು ತರುತ್ತಿದ್ದವರು, ಪಾರಿಜಾತ ಕಟ್ಟುತ್ತಿದ್ದವರು ನಿಮ್ಮ ಹಿರಿಯರ ನೆನಪಿನಲ್ಲಿದ್ದರೆ ಬರೆದು ತಿಳಿಸಿರಿ. ನಮ್ಮ ಸೀಮೆಯ ಇತಿಹಾಸದಲ್ಲಿ ಬಿಟ್ಟುಹೋದ ಆ ಪುಟಗಳನ್ನು ಎಲ್ಲರೂ ಕೂಡಿಯೇ ತುಂಬಬೇಕಾಗಿದೆ.